ದುಬಾರಿ ರೋಬೋ ಕಿಟ್ಟಿನ ಬೆಲೆಯನ್ನು ಕೀಲುಗಳಲ್ಲಿ ಅಳೆದು ನೋಡಿದ ಬಗೆ

ಬಂಡಾಯ್ ಕಂಪನಿಯು 2020ರ ಡಿಸೆಂಬರಿನಲ್ಲಿ ಹೊರತಂದ ‘ಪರ್ಫೆಕ್ಟ್ ಗ್ರೇಡ್ ಅನ್‌ಲೀಶ್ಡ್’ ಆರ್‌ಎಕ್ಸ್-78-2 ಗನ್‌ಡಮ್ ಕಿಟ್ಟಿಗೆ ತೆರಿಗೆ ಬಿಟ್ಟು 25,000 ಯೆನ್ ಬೆಲೆ ಇಟ್ಟಿತ್ತು. ಗನ್‌ಡಮ್ ಎಂದರೆ ಜಪಾನಿನ ಅನಿಮೇಶನ್ ಕಥೆಯೊಂದರ ರೋಬೋ, ಕಿಟ್ಟು ಎಂದರೆ ಅದನ್ನು ಬಿಡಿಭಾಗಗಳಿಂದ ನಾವೇ ಕೂಡಿಸುವ ಪ್ಲಾಸ್ಟಿಕ್ ಮಾದರಿ. ಇದೇ ರೋಬೋ 2010ರಲ್ಲಿ ಚಿಕ್ಕ ಗಾತ್ರದ ‘ರಿಯಲ್ ಗ್ರೇಡ್’ ಶ್ರೇಣಿಯಲ್ಲಿ ಬಂದಾಗ ಅದರ ಬೆಲೆ 2,500 ಯೆನ್ ಆಗಿತ್ತು. ಆಕಾರ ಒಂದೇ, ಬಣ್ಣಗಳೂ ಬಹುಮಟ್ಟಿಗೆ ಅವೇ, ಬೆಲೆ ಮಾತ್ರ ಹತ್ತು ಪಟ್ಟು. ಆ ಹತ್ತು ಪಟ್ಟು ಹಣ ಎಲ್ಲಿಗೆ ಹೋಗುತ್ತದೆ, ಹೋದದ್ದಕ್ಕೆ ತಕ್ಕುದು ಕೈಗೆ ಬರುತ್ತದೆಯೇ ಎಂಬುದನ್ನು ಡಬ್ಬಿಯ ಮೇಲಿನ ಚಿತ್ರವನ್ನೋ ಬಿಡಿಭಾಗಗಳ ಸಂಖ್ಯೆಯನ್ನೋ ನೋಡಿ ನಿರ್ಧರಿಸುವುದು ನನಗೆ ಸರಿಯೆನಿಸಲಿಲ್ಲ. ಆದ್ದರಿಂದ ಕೊಳ್ಳುವ ಮೊದಲು, ಒಳಚೌಕಟ್ಟು (ಕವಚದೊಳಗೆ ಕೀಲುಗಳನ್ನು ಹೊತ್ತಿರುವ ಎಲುಬಿನಂಥ ಭಾಗ) ಇರುವ ಹಳೆಯ 1/100 ಅಳತೆಯ ಕಿಟ್ಟೊಂದನ್ನು ಕೊನೆಯ ಗೂಟದವರೆಗೆ ಬಿಚ್ಚಿ, ಅದರ ಕೀಲುಗಳನ್ನು ದುರಸ್ತಿ ಮಾಡಿ, ಆ ಕೆಲಸದಲ್ಲಿ ಕಂಡದ್ದನ್ನು ಇಟ್ಟುಕೊಂಡು ದೊಡ್ಡ ಕಿಟ್ಟಿನ ಬಗ್ಗೆ ತೀರ್ಮಾನಕ್ಕೆ ಬಂದೆ. ಇಲ್ಲಿರುವುದು ಆ ದುರಸ್ತಿಯ ವಿವರ ಮತ್ತು ಅದರಿಂದ ಹುಟ್ಟಿದ ನಿರ್ಧಾರ.

ಮೊದಲು ಅಳತೆಯ ಲೆಕ್ಕ. ಕಥೆಯ ಪ್ರಕಾರ ಈ ರೋಬೋ 18 ಮೀಟರ್ ಎತ್ತರವಿದೆ. 1/144 ಅಳತೆಯಲ್ಲಿ ಅದು 12.5 ಸೆಂಟಿಮೀಟರ್, 1/100ರಲ್ಲಿ 18 ಸೆಂಟಿಮೀಟರ್, 1/60ರಲ್ಲಿ 30 ಸೆಂಟಿಮೀಟರ್ ಆಗುತ್ತದೆ. 1980ರಲ್ಲಿ ಬಂದ ಮೊತ್ತಮೊದಲ 1/144 ಗನ್‌ಡಮ್ ಕಿಟ್ಟಿಗೆ 300 ಯೆನ್ ಇತ್ತು. ಅದನ್ನು ಅಂಟು ಹಾಕಿ ಕೂಡಿಸಬೇಕಿತ್ತು, ಬಣ್ಣವನ್ನೂ ನಾವೇ ಹಚ್ಚಬೇಕಿತ್ತು. 1995ರಲ್ಲಿ 1/100 ಅಳತೆಯ ‘ಮಾಸ್ಟರ್ ಗ್ರೇಡ್’, 1998ರಲ್ಲಿ 1/60 ಅಳತೆಯ ‘ಪರ್ಫೆಕ್ಟ್ ಗ್ರೇಡ್’ ಗನ್‌ಡಮ್ ಬಂದವು. ಇಂದು ಈ ಶ್ರೇಣಿಗಳಲ್ಲೆಲ್ಲ ಅಂಟು ಬೇಡ, ಬಣ್ಣವೂ ಕಡ್ಡಾಯವಲ್ಲ. ಒತ್ತಿದರೆ ಭಾಗಗಳು ಕೂಡಿಕೊಳ್ಳುತ್ತವೆ. ಹಾಗಾಗಿ ಹೆಚ್ಚು ಹಣ ಕೊಟ್ಟರೆ ಜೋಡಣೆ ಸುಲಭವಾಗುತ್ತದೆ ಎಂಬ ವಾದಕ್ಕೆ ಈಗ ಆಧಾರವಿಲ್ಲ. ಹೆಚ್ಚು ಹಣ ಹೋಗುವುದು ಮುಖ್ಯವಾಗಿ ಮೂರು ಕಡೆಗೆ: ಗಾತ್ರ, ಒಳಚೌಕಟ್ಟು, ಮತ್ತು ದೊಡ್ಡ ಕಿಟ್ಟುಗಳು ಕಡಿಮೆ ಸಂಖ್ಯೆಯಲ್ಲಿ ಮಾರಾಟವಾಗುವುದರಿಂದ ಪ್ರತಿ ಡಬ್ಬಿಯ ಮೇಲೂ ಹೆಚ್ಚಾಗಿ ಬೀಳುವ ಉಕ್ಕಿನ ಅಚ್ಚಿನ ಖರ್ಚು. ಕೊನೆಯದು ತಯಾರಕರ ಲೆಕ್ಕ. ಕೊಳ್ಳುವವನು ತೂಗಿ ನೋಡಬೇಕಾದದ್ದು ಮೊದಲ ಎರಡನ್ನು.

ದುರಸ್ತಿಗೆ ಆರಿಸಿದ ಕಿಟ್ಟು ಬಹುಕಾಲ ತೆರೆದ ಕಪಾಟಿನಲ್ಲಿ ನಿಂತಿದ್ದದ್ದು. ಅದರ ತಯಾರಕರು ಯಾರು ಎಂಬುದು ಈ ಬರಹಕ್ಕೆ ಬೇಕಿಲ್ಲ, ಏಕೆಂದರೆ ಅದಕ್ಕೆ ಬಂದಿದ್ದ ರೋಗಗಳು ಈ ಬಗೆಯ ಯಾವ ಕಿಟ್ಟಿಗೂ ಬರುವಂಥವೇ. ಎಡ ಮೊಣಕಾಲು ಮೈಯ ಭಾರ ತಡೆಯದೆ ನಿಧಾನವಾಗಿ ಬಾಗುತ್ತಿತ್ತು. ಕಣಕಾಲುಗಳೆರಡೂ ಹೊರಮುಖವಾಗಿ ಜಾರುತ್ತಿದ್ದವು. ಬಲ ಭುಜದ ಕೀಲಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕಿತ್ತು. ಕೈಯನ್ನು ಮೇಲೆತ್ತಿದಾಗ ಮಾತ್ರ ಅದು ಬಿಳಿಯ ಗೆರೆಯಾಗಿ ತೆರೆದುಕೊಂಡು, ಕೈ ಇಳಿಸಿದಾಗ ಮತ್ತೆ ಮುಚ್ಚಿಹೋಗುತ್ತಿತ್ತು. ಬಿಳಿ ಕವಚಗಳು ಬೆಳಕು ಬಿದ್ದ ಕಡೆಯಲ್ಲಷ್ಟೇ ಹಳದಿಗೆ ತಿರುಗಿದ್ದವು.

ಕವಚಗಳನ್ನು ಬಿಡಿಸುವಾಗ ಸ್ಕ್ರೂಡ್ರೈವರಿನ ತುದಿಯಿಂದ ಮೀಟುವುದಕ್ಕಿಂತ, ಇಂಥ ಕೆಲಸಕ್ಕೆಂದೇ ಸಿಗುವ ಚಪ್ಪಟೆ ಬಾಯಿಯ ಪಾರ್ಟ್ಸ್ ಓಪನರ್ ಬಳಸುವುದು ಒಳ್ಳೆಯದು. ಎರಡು ಭಾಗಗಳು ಸೇರುವ ಗೆರೆಯಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಕಚ್ಚು ಇರುತ್ತದೆ. ಅಲ್ಲಿ ಓಪನರಿನ ತುದಿಯಿಟ್ಟು ನಿಧಾನವಾಗಿ ತಿರುಗಿಸಿದರೆ ಅಂಚಿಗೆ ಗಾಯವಾಗದೆ ಭಾಗ ಬಿಡಿಸಿಕೊಳ್ಳುತ್ತದೆ. ಬಿಡಿಸಿದ ಭಾಗಗಳನ್ನು ಎಡಗೈ, ಬಲಗೈ, ಎಡಗಾಲು, ಬಲಗಾಲು, ಎದೆ, ಸೊಂಟ, ತಲೆ ಎಂದು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿಕೊಂಡೆ, ಏಕೆಂದರೆ ಎಡ ಬಲದ ಭಾಗಗಳು ನೋಡಲು ಒಂದೇ ಥರ ಇದ್ದು ಗೂಟದ ದಿಕ್ಕು ಮಾತ್ರ ಬೇರೆಯಿರುವುದು ಈ ಕಿಟ್ಟುಗಳಲ್ಲಿ ಸಾಮಾನ್ಯ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಕೆಲವು ಹನಿ ಹಾಕಿ, ಮೃದುವಾದ ಟೂತ್‌ಬ್ರಷ್ಷಿನಿಂದ ಎಲ್ಲವನ್ನೂ ತೊಳೆದು ಪೂರ್ತಿ ಒಣಗಿಸಿದೆ. ಕೀಲಿನೊಳಗೆ ಸೇರಿದ ಧೂಳು ಮತ್ತು ಜಿಡ್ಡು ಹೋಗದೆ ಸಡಿಲಿಕೆ ಎಷ್ಟಿದೆ ಎಂದು ಹೇಳಲಾಗುವುದಿಲ್ಲ. ಈ ಕಿಟ್ಟಿನಲ್ಲೇ ಒಂದು ಕಣಕಾಲು ತೊಳೆದ ಮಾತ್ರಕ್ಕೆ ಅರ್ಧದಷ್ಟು ಬಿಗಿಯಾಯಿತು.

ಇನ್ನು ಕೀಲುಗಳ ವಿಚಾರ. ಕಿಟ್ಟಿನ ಬೆಲೆಯನ್ನು ತೂಗುವವರು ಮೊದಲು ತಿಳಿಯಬೇಕಾದದ್ದು ಅದರಲ್ಲಿರುವ ಪ್ಲಾಸ್ಟಿಕ್ಕುಗಳ ಬಗೆಗಳನ್ನು. ಹೊರಕವಚಗಳು ಬಹುಪಾಲು ಪಾಲಿಸ್ಟೈರೀನ್, ಅಂದರೆ ಪಿಎಸ್. ಇದಕ್ಕೆ ಬಣ್ಣ ಹಿಡಿಯುತ್ತದೆ, ಮಾಡೆಲ್ ಸಿಮೆಂಟು ಎಂಬ ಅಂಟು ಇದರ ಮೇಲ್ಮೈಯನ್ನೇ ಕರಗಿಸಿ ಎರಡು ಭಾಗಗಳನ್ನು ಒಂದಾಗಿಸುತ್ತದೆ. ಒಳಚೌಕಟ್ಟಿನಲ್ಲಿ ಎಬಿಎಸ್ ಇರುತ್ತಿತ್ತು. ಇದು ಗಟ್ಟಿ, ಸವೆತ ಕಡಿಮೆ, ಆದರೆ ಒತ್ತಡದಲ್ಲಿರುವಾಗ ಥಿನ್ನರ್ ತಾಗಿದರೆ ಸೀಳುತ್ತದೆ. ಕೀಲಿನೊಳಗೆ ಕೂರುವ ಮೆತ್ತನೆಯ ಬೂದು ಬಣ್ಣದ ಬಳೆಗಳು ಪಾಲಿಎಥಿಲೀನಿನವು, ಅವನ್ನೇ ಪಾಲಿಕ್ಯಾಪ್ ಎನ್ನುತ್ತಾರೆ. ಇವುಗಳಿಗೆ ಯಾವ ಸಾಮಾನ್ಯ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಇತ್ತೀಚಿನ ಬಂಡಾಯ್ ಕಿಟ್ಟುಗಳಲ್ಲಿ ಎಬಿಎಸ್ ಜಾಗದಲ್ಲಿ ಕೆಪಿಎಸ್ ಎಂಬ ಬಲಪಡಿಸಿದ ಸ್ಟೈರೀನ್ ಹೆಚ್ಚಾಗಿ ಕಾಣುತ್ತದೆ. ಇದನ್ನು ನಾನು ಒಳ್ಳೆಯ ಬದಲಾವಣೆಯೆಂದೇ ಎಣಿಸುತ್ತೇನೆ, ಏಕೆಂದರೆ ಚೌಕಟ್ಟಿನ ಭಾಗ ಮುರಿದರೆ ಅದನ್ನು ಮಾಮೂಲಿ ಸಿಮೆಂಟಿನಿಂದಲೇ ಬೆಸೆಯಬಹುದು. ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿಗೆ ರನ್ನರ್ ಎನ್ನುತ್ತಾರೆ. ಯಾವ ರನ್ನರ್ ಯಾವ ಪ್ಲಾಸ್ಟಿಕ್ಕಿನದು ಎಂಬುದು ರನ್ನರಿನ ಚೀಟಿಯಂಥ ಪಟ್ಟಿಯ ಮೇಲೆಯೇ ಅಚ್ಚಾಗಿರುತ್ತದೆ.

ಭುಜದ ಬಿರುಕನ್ನು ಮೊದಲು ಕೈಗೆತ್ತಿಕೊಂಡೆ. ಅದು ಎಬಿಎಸ್ ಭಾಗ. ಇಂಗ್ಲಿಷಿನ ಸಿ ಅಕ್ಷರದ ಆಕಾರದ ಕೊಂಡಿ, ಒಂದು ದುಂಡು ಗೂಟವನ್ನು ಸುತ್ತಲಿಂದ ಅಪ್ಪಿ ಹಿಡಿಯುತ್ತದೆ. ಗೂಟ ತುಸು ದಪ್ಪವಿದ್ದರೂ ಆ ಕೊಂಡಿ ಸದಾ ಅಗಲಕ್ಕೆ ಎಳೆಸಿಕೊಂಡೇ ಇರುತ್ತದೆ. ಕೈ ಆಡಿಸದೆ ಕಪಾಟಿನಲ್ಲಿ ನಿಲ್ಲಿಸಿದ್ದರೂ ಒತ್ತಡ ತಪ್ಪುವುದಿಲ್ಲ. ಅದರ ಜೊತೆಗೆ ಈ ಭುಜದ ಕೊರೆದ ಗೆರೆಗಳು ಎದ್ದು ಕಾಣಲೆಂದು ಅವುಗಳಿಗೆ ಯಾವಾಗಲೋ ಎನಾಮೆಲ್ ಶಾಯಿ ಬಿಟ್ಟು ಥಿನ್ನರಿನಿಂದ ಒರೆಸಿದ ಗುರುತು ಒಳಬದಿಯಲ್ಲಿ ಕಪ್ಪಾಗಿ ಉಳಿದಿತ್ತು. ಒಳಗೆ ಹರಿದ ಥಿನ್ನರ್ ಎಳೆಸಿಕೊಂಡಿದ್ದ ಎಬಿಎಸ್ಸನ್ನು ದುರ್ಬಲಗೊಳಿಸಿದೆ ಎಂಬುದಕ್ಕೆ ಬಿರುಕು ಸರಿಯಾಗಿ ಆ ಕಪ್ಪು ಕಲೆಯ ನಡುವಿನಿಂದ ಹೊರಟಿದ್ದದ್ದೇ ಸಾಕ್ಷಿ.

ಬಿರುಕಿಗೆ ಅಂಟು ಹಾಕುವ ಮೊದಲು ಬಿರುಕಿನ ಕಾರಣವನ್ನು ತೆಗೆಯಬೇಕು. ಗೂಟವನ್ನು 600ರ ಸ್ಯಾಂಡ್‌ಪೇಪರಿನಿಂದ ಸುತ್ತಲೂ ಸಮನಾಗಿ ಉಜ್ಜುತ್ತ, ಬಿರುಕು ಬಿಟ್ಟ ಕೊಂಡಿಯನ್ನು ಬಲವಿಲ್ಲದೆ ಕೂರಿಸಿದಾಗ ಅದು ತೆರೆಯದಷ್ಟು ತೆಳುವಾಗಿಸಿದೆ. ನಂತರ ಎಬಿಎಸ್‌ಗೆಂದೇ ಇರುವ ದ್ರವ ಸಿಮೆಂಟನ್ನು ಸಣ್ಣ ಕುಂಚದಲ್ಲಿ ಬಿರುಕಿನ ಬಾಯಿಗೆ ಮುಟ್ಟಿಸಿದೆ. ಅದು ತಾನಾಗಿಯೇ ಒಳಗೆ ಹೀರಿಕೊಂಡಿತು. ಚಿಮಟದಿಂದ ಒತ್ತಿ ಹಿಡಿದು, ರಾತ್ರಿಯಿಡೀ ಹಾಗೆಯೇ ಬಿಟ್ಟೆ. ಆದರೆ ಎಳೆತ ಬೀಳುವ ಜಾಗದಲ್ಲಿ ಅಂಟನ್ನೊಂದೇ ನಂಬಲಾಗದು. ಕೊಂಡಿಯ ಎರಡೂ ಅಂಚುಗಳಲ್ಲಿ ಪಿನ್‌ವೈಸ್ ಎಂಬ ಪುಟ್ಟ ಕೈಡ್ರಿಲ್ಲಿನಿಂದ 1 ಮಿಲಿಮೀಟರ್ ತೂತು ಕೊರೆದು, ಬಿರುಕಿಗೆ ಅಡ್ಡಲಾಗಿ ಹಿತ್ತಾಳೆಯ ಕಡ್ಡಿ ತೂರಿಸಿ, ಸೂಪರ್‌ಗ್ಲೂ ಹನಿಸಿ, ಹೊರಗೆ ಉಳಿದ ತುದಿಯನ್ನು ಕತ್ತರಿಸಿ ಅರದಿಂದ ಸಮ ಮಾಡಿದೆ. ತೂತು ಕೊರೆಯುವಾಗ ಪಿನ್‌ವೈಸನ್ನು ಕೈಯಲ್ಲೇ, ಒತ್ತದೆ, ನಿಧಾನವಾಗಿ ತಿರುಗಿಸಬೇಕು. ಮೋಟಾರು ಡ್ರಿಲ್ಲಿನ ವೇಗಕ್ಕೆ ಎಬಿಎಸ್ ಬಿಸಿಯಾಗಿ ಕರಗಿ ಬಿಟ್ಟಿಗೇ ಮೆತ್ತಿಕೊಳ್ಳುತ್ತದೆ. ಈಗ ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ನಿಲ್ಲಿಸಿದರೂ ಆ ಬಿಳಿ ಗೆರೆ ಕಾಣುವುದಿಲ್ಲ.

ಸಡಿಲ ಕೀಲುಗಳ ದುರಸ್ತಿ ಇದಕ್ಕಿಂತ ಸುಲಭ, ಆದರೆ ತಾಳ್ಮೆ ಬೇಕು. ಕಣಕಾಲಿನಲ್ಲಿ ಪಾಲಿಕ್ಯಾಪಿನೊಳಗೆ ತಿರುಗುವ ಗುಂಡು ತಲೆಯ ಗೂಟ ಸವೆದು ಹೊಳೆಯುತ್ತಿತ್ತು. ಪಾಲಿಕ್ಯಾಪಿಗೆ ಅಂಟು ಹಿಡಿಯದ ಕಾರಣ ಏನು ಮಾಡುವುದಿದ್ದರೂ ಗೂಟದ ಮೇಲೆಯೇ ಮಾಡಬೇಕು. ಸೂಪರ್‌ಗ್ಲೂವನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಗುಂಡಿನ ಮೇಲೆ ತೀರ ತೆಳ್ಳಗೆ ಸವರಿ, ಪೂರ್ತಿ ಒಣಗುವವರೆಗೆ ಕೀಲಿನಿಂದ ಹೊರಗೇ ಇಟ್ಟು, ಆಮೇಲೆ ಕೂರಿಸಿ ನೋಡಿ, ಸಾಲದಿದ್ದರೆ ಇನ್ನೊಂದು ಪದರ ಕೊಟ್ಟು, ಹೆಚ್ಚಾದರೆ 1000ರ ಸ್ಯಾಂಡ್‌ಪೇಪರಿನಿಂದ ಒಂದೆರಡು ಸುತ್ತು ತೆಗೆಯುವುದು ಕ್ರಮ. ಒಣಗುವ ಮುನ್ನ ಕೂರಿಸಿದರೆ, ಗೂಟ ಸ್ಟೈರೀನಿನ ಗುಳಿಯಲ್ಲಿದ್ದ ಪಕ್ಷದಲ್ಲಿ, ಕೀಲು ಶಾಶ್ವತವಾಗಿ ಬೆಸೆದುಹೋಗುತ್ತದೆ. ಮೊಣಕಾಲಿನಲ್ಲಿ ಪಾಲಿಕ್ಯಾಪ್ ಇರಲಿಲ್ಲ. ಅಲ್ಲಿ ಗಟ್ಟಿ ಪ್ಲಾಸ್ಟಿಕ್ಕು ಗಟ್ಟಿ ಪ್ಲಾಸ್ಟಿಕ್ಕಿಗೇ ಉಜ್ಜುತ್ತದೆ. ಅಂಥ ಕಡೆ ಸೂಪರ್‌ಗ್ಲೂವಿನ ಪದರ ಬೇಗ ಚಕ್ಕೆಯೇಳುತ್ತದೆಂಬ ಅನುಮಾನದಿಂದ, ನೀರಿನಲ್ಲಿ ಕರಗುವ ಆಕ್ರಿಲಿಕ್ ಮೇಲ್ಲೇಪವನ್ನು ಹಲವು ತೆಳು ಪದರಗಳಾಗಿ ಕೊಟ್ಟೆ. ಅದು ತುಸು ಮೆತ್ತಗಿರುವುದರಿಂದ ಹಿಡಿತ ನಯವಾಗಿಯೇ ಬಂತು. ಕಾಲು ಈಗ ಬಾಗಿಸಿದಲ್ಲೇ ನಿಲ್ಲುತ್ತದೆ, ತಿರುಗಿಸುವಾಗ ಕಿರುಗುಟ್ಟುವುದೂ ಇಲ್ಲ.

ಈ ಕೆಲಸ ನಡೆಯುವಾಗಲೇ ದೊಡ್ಡ ಕಿಟ್ಟಿನ ಪ್ರಶ್ನೆ ನನಗೆ ಸ್ಪಷ್ಟ ರೂಪ ಪಡೆಯಿತು. 18 ಸೆಂಟಿಮೀಟರಿನ ಗೊಂಬೆಗೇ ಮೊಣಕಾಲು ಸೋಲುತ್ತದೆಯಾದರೆ 30 ಸೆಂಟಿಮೀಟರಿನದಕ್ಕೆ ಏನಾಗಬೇಕು? 1/100ರಿಂದ 1/60ಕ್ಕೆ ಹೋದಾಗ ಉದ್ದ 1.67 ಪಟ್ಟು, ಮೇಲ್ಮೈ 2.8 ಪಟ್ಟು, ಘನಗಾತ್ರ 4.6 ಪಟ್ಟು ಹೆಚ್ಚುತ್ತದೆ. ಎಲ್ಲವೂ ಒಂದೇ ಪ್ರಮಾಣದಲ್ಲಿ ದೊಡ್ಡದಾದರೆ ತೂಕವೂ 4.6 ಪಟ್ಟಾಗುತ್ತದೆ, ಚಾಚಿದ ಕೈಯ ಉದ್ದ 1.67 ಪಟ್ಟಾಗಿರುವುದರಿಂದ ಭುಜವನ್ನು ಕೆಳಗೆ ತಿರುಗಿಸುವ ಬಲ 7.7 ಪಟ್ಟಾಗುತ್ತದೆ. ಕೀಲಿನ ಹಿಡಿತವಾದರೋ, ಉಜ್ಜುವ ಮೇಲ್ಮೈ ಮತ್ತು ಗೂಟದ ತ್ರಿಜ್ಯ ಎರಡೂ ಬೆಳೆದರೂ, ಒತ್ತಡ ಅಷ್ಟೇ ಇದ್ದಾಗ 4.6 ಪಟ್ಟಿಗೆ ನಿಲ್ಲುತ್ತದೆ. ವಾಸ್ತವದಲ್ಲಿ ಕವಚಗಳ ಗೋಡೆ ಅಷ್ಟೊಂದು ದಪ್ಪವಾಗುವುದಿಲ್ಲ, ಒಳಗೆ ಟೊಳ್ಳಿರುತ್ತದೆ, ಆದ್ದರಿಂದ ತೂಕ 2.8 ಮತ್ತು 4.6ರ ನಡುವೆ ಎಲ್ಲೋ ನಿಲ್ಲುತ್ತದೆ. ಆದರೆ ಒಳಚೌಕಟ್ಟನ್ನು ಹೆಚ್ಚು ತುಂಬಿಸಿದಷ್ಟೂ ಅದು ಮೇಲಿನ ಅಂಕಿಗೆ ಹತ್ತಿರವಾಗುತ್ತದೆ. ದುಬಾರಿ ಕಿಟ್ಟಿನ ಆಕರ್ಷಣೆಯೇ ತುಂಬಿದ ಒಳಚೌಕಟ್ಟು. ಅದರ ಕೀಲುಗಳಿಗೆ ಹೊರೆಯೂ ಅದೇ.

ಹೀಗಿರುವುದರಿಂದ ದೊಡ್ಡ ಕಿಟ್ಟುಗಳಲ್ಲಿ ಕೇವಲ ಉಜ್ಜಾಟದ ಹಿಡಿತವನ್ನು ನಂಬದೆ, ಸ್ಕ್ರೂ ಬಿಗಿದ ಕೀಲು, ಹಲ್ಲುಹಲ್ಲಾಗಿ ಕಟಕಟನೆ ಕೂರುವ ಕೀಲು, ಒಂದು ಚಲನೆಯನ್ನು ಎರಡು ಕೀಲುಗಳಿಗೆ ಹಂಚುವ ಜೋಡು ಕೀಲು ಇವನ್ನೆಲ್ಲ ಬಳಸುತ್ತಾರೆ. ಸ್ಕ್ರೂ ಇರುವ ಕೀಲು ಸಡಿಲವಾದರೆ ಕಾಲು ಸುತ್ತು ಬಿಗಿದರೆ ಮುಗಿಯಿತು. ಹಲ್ಲಿನ ಕೀಲು ಸವೆಯಲು ಬಹಳ ಕಾಲ ಬೇಕು, ಆದರೆ ಸವೆದ ಮೇಲೆ ಮನೆಯಲ್ಲಿ ಅದನ್ನು ಸರಿಪಡಿಸುವುದು ಕಷ್ಟ. ನನ್ನ ಮಟ್ಟಿಗೆ ಬೆಲೆಯ ಮೊದಲ ಪರೀಕ್ಷೆ ಇದು: ಸೊಂಟ, ಮೊಣಕಾಲು, ಕಣಕಾಲು ಇವು ಯಾವ ಬಗೆಯ ಕೀಲುಗಳು, ಮತ್ತು ಕವಚ ತೊಡಿಸಿದ ಮೇಲೂ ಏನೂ ಮುರಿಯದೆ ಅಲ್ಲಿಯವರೆಗೆ ಕೈ ಹೋಗುತ್ತದೆಯೇ? ಹಿಂದಕ್ಕೆ ಬಿಚ್ಚಲಾಗದ ಕಿಟ್ಟು ಎಷ್ಟೇ ಸುಂದರವಾಗಿರಲಿ, ನಾನು ಅದಕ್ಕೆ ದೊಡ್ಡ ಮೊತ್ತ ಕೊಡುವುದಿಲ್ಲ.

ಇದನ್ನು ಡಬ್ಬಿ ತೆರೆಯದೆ ತಿಳಿಯುವ ದಾರಿ ಕೈಪಿಡಿ. ಬಂಡಾಯ್ ತನ್ನ ಅನೇಕ ಕಿಟ್ಟುಗಳ ಜೋಡಣಾ ಕೈಪಿಡಿಗಳನ್ನು ಜಾಲತಾಣದಲ್ಲೇ ಓದಲು ಇಟ್ಟಿದೆ. ಜಪಾನಿ ಭಾಷೆ ಬರಬೇಕೆಂದೇನಿಲ್ಲ, ಚಿತ್ರಗಳೇ ಸಾಕು. ನಾನು ನೋಡುವ ಕ್ರಮ ಹೀಗೆ: ಮೊದಲು ರನ್ನರುಗಳ ನಕಾಶೆಯಲ್ಲಿ ಯಾವ ರನ್ನರ್ ಯಾವ ಪ್ಲಾಸ್ಟಿಕ್ಕು ಎಂದು ಗುರುತಿಸಿಕೊಂಡು, ನಂತರ ಕಾಲಿನ ಪುಟಗಳಿಗೆ ಹೋಗಿ ಮೊಣಕಾಲಿನ ಗೂಟ ಯಾವ ರನ್ನರಿನಿಂದ ಬರುತ್ತದೆ, ಅದು ಕೂರುವ ಗುಳಿ ಯಾವುದರದು ಎಂದು ಹುಡುಕುತ್ತೇನೆ. ಎರಡು ಗಟ್ಟಿ ಭಾಗಗಳ ನಡುವೆ ಪೂರ್ತಿ ಮುಚ್ಚಿದ ಗುಳಿಯಿದ್ದರೆ ಅಲ್ಲಿ ಬಣ್ಣ ಬಳಿಯುವುದು ಅಪಾಯ, ಏಕೆಂದರೆ ಬಣ್ಣದ ಪದರವೂ ಗೂಟವನ್ನು ದಪ್ಪಗೊಳಿಸಿ ಗುಳಿಯನ್ನು ಸೀಳಬಲ್ಲದು. ಆಮೇಲೆ ಹಿಂದಿನಿಂದ ಮುಂದಕ್ಕೆ ಪುಟ ತಿರುವುತ್ತೇನೆ. ಕೊನೆಯ ಹಂತದಿಂದ ಮೊಣಕಾಲಿನವರೆಗೆ ಬರಲು ಎಷ್ಟು ಭಾಗ ಕಳಚಬೇಕು ಎಂಬುದು ಆಗ ಗೊತ್ತಾಗುತ್ತದೆ. ದುರಸ್ತಿಯ ದೃಷ್ಟಿಯಿಂದ ಓದಿದಾಗ ಅದೇ ಕೈಪಿಡಿ, ಕಿಟ್ಟಿನ ಬಗ್ಗೆ ಯಾವ ಜಾಹೀರಾತೂ ಹೇಳದ ವಿಷಯ ಹೇಳುತ್ತದೆ.

ಅನ್‌ಲೀಶ್ಡ್ ಕಿಟ್ಟನ್ನು ಹೀಗೆ ಓದಿದಾಗ ನನಗೆ ಮೆಚ್ಚುಗೆಯಾದದ್ದು ಅದರ ಜೋಡಣೆಯ ಕ್ರಮ. ಅದನ್ನು ಆರು ಹಂತಗಳಲ್ಲಿ ಕಟ್ಟುತ್ತಾರೆ. ಸಾಮಾನ್ಯ ಕಿಟ್ಟಿನಲ್ಲಿ ತಲೆ ಮುಗಿಸಿ, ಎದೆ ಮುಗಿಸಿ, ಕೈ ಮುಗಿಸಿ ಒಂದೊಂದಾಗಿ ಮುಂದೆ ಹೋಗುತ್ತೇವೆ. ಇಲ್ಲಿ ಇಡೀ ಮೈಯ ಎಲುಬನ್ನು ಮೊದಲು ನಿಲ್ಲಿಸಿ, ಅದರ ಮೇಲೆ ಪದರಪದರವಾಗಿ ಒಳಭಾಗಗಳನ್ನು ಏರಿಸುತ್ತ, ಕವಚವನ್ನು ಕೊನೆಗೆ ತೊಡಿಸುತ್ತಾರೆ. ದುರಸ್ತಿ ಮಾಡುವವನಿಗೆ ಇದು ದೊಡ್ಡ ಅನುಕೂಲ. ಹೊರಗಿನ ಪದರ ತೆಗೆದರೆ ಒಳಗಿನದು ತಾನಾಗಿ ನಿಂತೇ ಇರುತ್ತದೆ, ಆದ್ದರಿಂದ ಒಂದು ಕಾಲಿನ ಕೀಲು ನೋಡಲು ಇಡೀ ಗೊಂಬೆಯನ್ನು ಚೂರುಚೂರು ಮಾಡಬೇಕಾಗಿಲ್ಲ. ಕಟ್ಟುವವನಿಗೂ ಇದರಲ್ಲಿ ಬೇರೆಯದೇ ಸುಖವಿದೆ: ಪ್ರತಿ ಹಂತದ ಕೊನೆಯಲ್ಲೂ ಎದುರಿಗೆ ನಿಂತಿರುವುದು ಪೂರ್ಣ ಆಕಾರ, ಅದು ತೆಳ್ಳಗಿನಿಂದ ದಪ್ಪಕ್ಕೆ ಬೆಳೆಯುತ್ತ ಹೋಗುತ್ತದೆ. ಮಾನವಾಕಾರದ ಯಂತ್ರವನ್ನು ಒಳಗಿನಿಂದ ಅರ್ಥ ಮಾಡಿಕೊಳ್ಳಬೇಕೆನ್ನುವವರಿಗೆ ಇಷ್ಟು ಚೆನ್ನಾಗಿ ಹೇಳಿಕೊಡುವ ಕಿಟ್ಟು ಕಡಿಮೆ ಬೆಲೆಯಲ್ಲಿ ಸಿಗುತ್ತದೆಂದು ನನಗೆ ಅನಿಸುವುದಿಲ್ಲ.

ಆದರೆ ಕಟ್ಟಿ ಮುಗಿಸಿದ ಮೇಲೆ ಆ ಒಳಚೌಕಟ್ಟು ಬಹುಪಾಲು ಕಾಣುವುದಿಲ್ಲ. ಕವಚದ ಕೆಲವು ಬಾಗಿಲುಗಳು ತೆರೆಯುತ್ತವೆ, ನಿಜ. ಆದರೂ ಕಪಾಟಿನಲ್ಲಿ ನಿಂತದ್ದನ್ನು ಎರಡು ಮಾರು ದೂರದಿಂದ ನೋಡುವವರಿಗೆ ಕಾಣುವುದು ದೊಡ್ಡ ಗಾತ್ರದ, ಸೂಕ್ಷ್ಮ ಗೆರೆಗಳ ಗನ್‌ಡಮ್ ಅಷ್ಟೇ. ಆದ್ದರಿಂದ ನಿಂತ ಗೊಂಬೆ ಬೇಕೆನ್ನುವವರಿಗೆ 2013ರ ಮಾಸ್ಟರ್ ಗ್ರೇಡ್ ‘ವರ್ಶನ್ 3.0’ ಅಥವಾ 2024ರಲ್ಲಿ ಹೊಸದಾಗಿ ಬಂದ ರಿಯಲ್ ಗ್ರೇಡ್ ‘ವರ್ಶನ್ 2.0’ ಸಾಕು ಎಂದೇ ನಾನು ಹೇಳುತ್ತೇನೆ. ಹಣದ ಉಳಿತಾಯಕ್ಕಾಗಿ ಮಾತ್ರ ಈ ಮಾತು ಹೇಳುತ್ತಿಲ್ಲ. ಚಿಕ್ಕ ಅಳತೆಯಲ್ಲಿ ಕೀಲುಗಳ ಮೇಲಿನ ಹೊರೆ ಕಡಿಮೆಯಾಗಿ, ಓಡುವ, ಹಾರುವ ಭಂಗಿಯಲ್ಲಿ ಬಹುಕಾಲ ನಿಲ್ಲಿಸಲು ಅವೇ ಹೆಚ್ಚು ಅನುಕೂಲ. 30 ಸೆಂಟಿಮೀಟರಿನ ಗೊಂಬೆಯನ್ನು ನಾನು ನೆಟ್ಟಗೆ, ಕಾಲು ತುಸು ಅಗಲಿಸಿ ನಿಲ್ಲಿಸುವುದನ್ನೇ ಆರಿಸಿಕೊಳ್ಳುತ್ತೇನೆ.

ಡಬ್ಬಿಯ ಬೆಲೆಯ ಹೊರಗಿನ ಖರ್ಚುಗಳನ್ನೂ ಇದೇ ದುರಸ್ತಿಯಲ್ಲಿ ಲೆಕ್ಕ ಹಾಕಿಕೊಂಡೆ. ಭಾಗಗಳನ್ನು ರನ್ನರಿನಿಂದ ಕತ್ತರಿಸುವ ನಿಪ್ಪರ್ ಒಳ್ಳೆಯದಿರಬೇಕು. ಹಳೆಯ ಕಿಟ್ಟಿನ ಕವಚಗಳಲ್ಲಿ ಗೇಟ್, ಅಂದರೆ ಭಾಗವನ್ನು ರನ್ನರಿಗೆ ಹಿಡಿದಿಡುವ ತೊಟ್ಟು, ಕತ್ತರಿಸಿದ ಕಡೆಯಲ್ಲೆಲ್ಲ ಪ್ಲಾಸ್ಟಿಕ್ಕು ಎಳೆಸಿಕೊಂಡು ಬಿಳಿಚಿದ ಕಲೆಗಳಿದ್ದವು. ಮೊದಲು ಭಾಗದಿಂದ ದೂರದಲ್ಲಿ ಒಂದು ಸಲ ಕತ್ತರಿಸಿ, ಉಳಿದ ತುಂಡನ್ನು ಎರಡನೆಯ ಸಲ ಹತ್ತಿರದಲ್ಲಿ ಕತ್ತರಿಸಿ, ಕೂದಲಷ್ಟು ಬಿಟ್ಟದ್ದನ್ನು ಚಾಕುವಿನಿಂದ ಹೆರೆದು, 400, 600, 1000ರ ಸ್ಯಾಂಡ್‌ಪೇಪರಿನಲ್ಲಿ ಸವರಿದ್ದರೆ ಅವು ಇರುತ್ತಿರಲಿಲ್ಲ. ಈಗ ಅವನ್ನು ಹಾಗೆಯೇ ಸವರಿ, ಹಳದಿಗಟ್ಟಿದ ಕವಚಗಳಿಗೆ ಬಿಳಿ ಬಣ್ಣ ಸಿಂಪಡಿಸಿ, ಮೇಲೆ ಹೊಳಪಿಲ್ಲದ ಮ್ಯಾಟ್ ಲೇಪ ಕೊಟ್ಟೆ. ತೇವದ ಗಾಳಿಯಿರುವ ದಿನ ಮ್ಯಾಟ್ ಲೇಪ ಸಿಂಪಡಿಸಬಾರದು, ಮೇಲ್ಮೈ ಮಂಜು ಕವಿದಂತೆ ಬೆಳ್ಳಗಾಗುತ್ತದೆ. 1/60 ಕಿಟ್ಟಿಗೆ ಇದೇ ಉಪಚಾರ ಮಾಡುವುದಾದರೆ ಬಣ್ಣ ಮತ್ತು ಲೇಪ ಮೇಲ್ಮೈಯ ಲೆಕ್ಕದಲ್ಲಿ 2.8 ಪಟ್ಟು ಬೇಕಾಗುತ್ತವೆ. ಕಪಾಟಿನ ಎತ್ತರ 30 ಸೆಂಟಿಮೀಟರಿಗೆ ಸಾಲದು. ಬಂದೂಕು, ಗುರಾಣಿ, ಬೆನ್ನಿನ ಕತ್ತಿಗಳಿಗೂ ಜಾಗ ಬೇಕು, ಕೈ ಹಾಕಿ ಎತ್ತಲೂ ಜಾಗ ಬೇಕು. ನೇರ ಬಿಸಿಲು ಬೀಳುವ ಕಡೆ ಇಡುವಂತಿಲ್ಲ. ಪಿವಿಸಿ ವಯರು ಅಥವಾ ಮೆತ್ತನೆಯ ವಿನೈಲ್ ವಸ್ತುಗಳನ್ನು ತಾಗಿಸಿಯೂ ಇಡುವಂತಿಲ್ಲ, ಏಕೆಂದರೆ ಅವುಗಳಲ್ಲಿರುವ ಮೆದುಕಾರಕ ಹೊರಬಂದು ಸ್ಟೈರೀನನ್ನು ನಿಧಾನವಾಗಿ ಕರಗಿಸುತ್ತದೆ. ಎಲ್‌ಇಡಿ ದೀಪಗಳಿರುವ ಕಿಟ್ಟಾದರೆ ಗುಂಡಿ ಬ್ಯಾಟರಿಗಳನ್ನು ಒಳಗೇ ಬಿಡದೆ ತೆಗೆದಿಡಬೇಕು. ಸೋರಿದರೆ ಲೋಹದ ಸಂಪರ್ಕ ಹಾಳಾಗಿ ದೀಪಕ್ಕೆ ಕೊಟ್ಟ ಹಣ ವ್ಯರ್ಥ. ದೀಪಗಳು ಕಿಟ್ಟಿನ ಜೊತೆಯಲ್ಲೇ ಬರುತ್ತವೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಇದೇ ಶ್ರೇಣಿಯ ಬೇರೆ ಗನ್‌ಡಮ್ ರೋಬೋಗಳಲ್ಲಿ 2014ರ ಪರ್ಫೆಕ್ಟ್ ಗ್ರೇಡ್ ಯೂನಿಕಾರ್ನಿಗೆ ಎಲ್‌ಇಡಿಗಳನ್ನು ಬೇರೆಯಾಗಿ ಮಾರಿದರು, 2017ರ ಎಕ್ಸಿಯಾ ದೀಪವಿರುವ ಮತ್ತು ದೀಪವಿಲ್ಲದ ಎರಡು ರೂಪಗಳಲ್ಲಿ ಬಂತು.

ಬೆಲೆಯ ವಿಚಾರದಲ್ಲಿ ಇನ್ನೆರಡು ಮಾತು. ಈ ಕಿಟ್ಟುಗಳ ಅಚ್ಚುಗಳು ಉಳಿದಿರುತ್ತವೆ, ಮಾರಾಟವಿರುವವರೆಗೆ ತಯಾರಕರು ಅವನ್ನು ಮತ್ತೆ ಮತ್ತೆ ಒತ್ತಿ ಮಾರುಕಟ್ಟೆಗೆ ಬಿಡುತ್ತಾರೆ. ಆದ್ದರಿಂದ ಈಗ ಬಿಟ್ಟರೆ ಮುಂದೆ ಸಿಗದು ಎಂಬ ಆತುರದಲ್ಲಿ, ನಿಗದಿತ ಬೆಲೆಯ ಮೇಲೆ ದೊಡ್ಡ ಮೊತ್ತ ಸೇರಿಸಿ ಮಾರುವವರಿಂದ ಕೊಳ್ಳುವ ಅಗತ್ಯವಿಲ್ಲ. ಸೀಮಿತ ಸಂಖ್ಯೆಯಲ್ಲಿ ಆರ್ಡರ್ ಪಡೆದು ಮಾಡುವ ಬಣ್ಣಬದಲಿ ಆವೃತ್ತಿಗಳ ಮಾತು ಬೇರೆ, ಆದರೆ ಅವುಗಳಲ್ಲೂ ಒಳಚೌಕಟ್ಟು ಸಾಮಾನ್ಯವಾಗಿ ಮೂಲ ಕಿಟ್ಟಿನದೇ. ತೀರ ಅಗ್ಗಕ್ಕೆ ಸಿಗುವ ನಕಲು ಕಿಟ್ಟುಗಳನ್ನು ನಾನು ಕೊಳ್ಳುವುದಿಲ್ಲ. ಶ್ರಮಪಟ್ಟು ವಿನ್ಯಾಸ ಮಾಡಿದವರಿಗೆ ಅದರಿಂದ ಏನೂ ಸಲ್ಲುವುದಿಲ್ಲ ಎಂಬುದು ಒಂದು ಕಾರಣವಾದರೆ, ಇಡೀ ಬರಹದಲ್ಲಿ ನಾನು ಹೇಳುತ್ತ ಬಂದ ಗೂಟ ಮತ್ತು ಗುಳಿಗಳ ನಡುವಿನ ಆ ಕೂದಲೆಳೆಯ ಅಳತೆಯನ್ನೇ ನಕಲು ಅಚ್ಚು ಹಿಡಿದಿಡಲಾರದು ಎಂಬುದು ಇನ್ನೊಂದು.

ಎಲ್ಲವನ್ನೂ ತೂಗಿದ ಮೇಲೆ ನಾನು ಕೊಳ್ಳುವ ನಿರ್ಧಾರಕ್ಕೆ ಬಂದಿದ್ದೇನೆ. ಮುರಿದ ಭುಜಕ್ಕೆ ಕಡ್ಡಿ ತೂರಿಸುವ ಕೆಲಸ ನನಗೆ ಬೇಸರ ತರಲಿಲ್ಲ. ಕೀಲೊಂದು ಯಾಕೆ ಹಾಗೆ ಮಾಡಲ್ಪಟ್ಟಿದೆ ಎಂದು ಹುಡುಕುವುದರಲ್ಲೇ ನನಗೆ ಹೆಚ್ಚಿನ ಆಸಕ್ತಿಯಿದೆಯೆಂದು ಈ ದುರಸ್ತಿಯಿಂದ ಖಚಿತವಾಯಿತು. ಆ ಆಸಕ್ತಿ ಇರುವವರಿಗೆ ಒಳಚೌಕಟ್ಟಿಗೆ ಕೊಟ್ಟ ಹಣ ವ್ಯರ್ಥವಲ್ಲ. ಮನೆಗೆ ಒಂದು ದೊಡ್ಡ ಗೊಂಬೆ ಬೇಕು ಎಂಬಷ್ಟೇ ಕಾರಣವಿದ್ದಿದ್ದರೆ ನಾನು ಖಂಡಿತ ಬೇಡವೆನ್ನುತ್ತಿದ್ದೆ. ನಿಗದಿತ ಬೆಲೆಗೆ, ತಯಾರಕರು ಮುಂದಿನ ಸಲ ಮತ್ತೆ ಒತ್ತಿ ಬಿಟ್ಟಾಗ ತರುತ್ತೇನೆ. ಒಳಚೌಕಟ್ಟಿಗೆ ಬಣ್ಣ ಬಳಿಯುವುದಿಲ್ಲ, ಅದರ ಹತ್ತಿರಕ್ಕೂ ಎನಾಮೆಲ್ ಥಿನ್ನರ್ ತರುವುದಿಲ್ಲ. ಕವಚದ ಗೆರೆಗಳನ್ನು, ಕವಚವನ್ನು ಚೌಕಟ್ಟಿನಿಂದ ಕಳಚಿ ಇಟ್ಟುಕೊಂಡೇ ತುಂಬಿ, ಪೂರ್ತಿ ಒಣಗಿದ ಮೇಲೆ ತೊಡಿಸುತ್ತೇನೆ. ಡಬ್ಬಿ ಬಂದ ಕೂಡಲೇ ನಿಪ್ಪರ್ ಹಿಡಿಯುವ ಮೊದಲು ರನ್ನರುಗಳನ್ನೆಲ್ಲ ಹರಡಿ, ನಕಾಶೆಯ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ಬಿಡಿಭಾಗಗಳನ್ನು ತಯಾರಕರಿಂದ ನೇರವಾಗಿ ತರಿಸಿಕೊಳ್ಳುವ ವ್ಯವಸ್ಥೆ ಜಪಾನಿನೊಳಗೆ ಇರುವಂಥದ್ದು. ಹೊರಗಿನವರು ಕೊರತೆ ಕಂಡರೆ ಮಾರಿದವರನ್ನೇ ಕೇಳಬೇಕಾಗುತ್ತದೆ, ಮತ್ತು ಅದನ್ನು ಮೊದಲ ಗೇಟ್ ಕತ್ತರಿಸುವ ಮುನ್ನವೇ ಕೇಳಬೇಕು.